ಆ ಕಡೆಯ ಲಾಳಿ

“ಅಣ್ಣಾ, ಇಲ್ಲಿ ಪಂಕ್ಚರ್ ಅಂಗಡಿ ಎಲ್ಲೈತೆ?”

ಓಬಳೇಶ್ ಮಗ್ಗದ ಗುಂಡಿಯಲ್ಲಿ ಕುಳಿತೇ ತಲೆಯೆತ್ತಿದ. ಬಾಗಿಲಲ್ಲಿ ನಿಂತಿದ್ದವಳ ಹೆಲ್ಮೆಟ್ ಓರೆಯಾಗಿತ್ತು, ಮುಖವೆಲ್ಲ ಧೂಳು, ಪಕ್ಕದಲ್ಲಿ ತೆಳ್ಳನೆ ಚಕ್ರದ ಸೈಕಲ್ಲು. ಭಾನುವಾರದ ಹೊತ್ತು. ಮೊಳಕಾಲ್ಮೂರಿನ ಪಂಕ್ಚರ್ ಅಂಗಡಿಯವನು ಭಾನುವಾರ ಬಾಗಿಲು ತೆಗೆಯುವುದು ಅವನಿಗೆ ಮನಸ್ಸು ಬಂದರೆ ಮಾತ್ರ.

ಎದ್ದು ಬಂದು ನೋಡಿದ. ಪಂಕ್ಚರ್ ಅಲ್ಲ, ಟೈರಿನ ಪಕ್ಕವೇ ಎರಡು ಬೆರಳಗಲ ಸೀಳಿತ್ತು. ಮೂಲೆಯ ಬುಟ್ಟಿಯಿಂದ ಹಳೇ ಸೀರೆಯಂಚಿನ ತುಂಡೊಂದನ್ನು ತೆಗೆದು, ನಾಲ್ಕು ಮಡಿಕೆ ಮಾಡಿ, ಟೈರಿನ ಒಳಗಡೆ ಸೀಳಿಗೆ ಒತ್ತಿಟ್ಟು ಗಾಳಿ ತುಂಬಿದ.

“ರೇಷ್ಮೆ ಅಲ್ವಾ ಅದು?”

“ಕಸದ ಬುಟ್ಟೀದು. ಚಳ್ಳಕೆರೆ ಮುಟ್ಟಿದ್ರೆ ನಿಮ್ಮ ಪುಣ್ಯ.”

“ಮುಟ್ಟದಿದ್ರೆ?”

“ವಾಪಸ್ ಬಂದು ಬಯ್ರಿ.”

ಮುಂದಿನ ಭಾನುವಾರ ಅವಳು ಮತ್ತೆ ಬಂದಳು. “ಮುಟ್ತು. ಬಯ್ಯೋಕೆ ಏನೂ ಸಿಗ್ಲಿಲ್ಲ, ಅದನ್ನೇ ಹೇಳಿ ಹೋಗಾಣ ಅಂತ ಬಂದೆ” ಎಂದಳು. ಇದನ್ನು ಹೇಳುವುದಕ್ಕೆ ಐವತ್ತು ಕಿಲೋಮೀಟರ್ ಪೆಡಲ್ ತುಳಿದು ಬರುವವರು ಎಷ್ಟು ಜನ ಇದ್ದಾರು?

ಹೆಸರು ಸೌಂದರ್ಯ. ಚಳ್ಳಕೆರೆಯ ಎಣ್ಣೆ ಮಿಲ್ಲೊಂದರ ಲ್ಯಾಬಿನಲ್ಲಿ ಎಣ್ಣೆ ಪರೀಕ್ಷೆ ಮಾಡುವ ಕೆಲಸ. ವಾರದಲ್ಲಿ ಆರು ದಿನ ಕಡಲೆಕಾಯಿ ಎಣ್ಣೆಯ ವಾಸನೆ, ಏಳನೆಯ ದಿನ ರಸ್ತೆ. ವಯಸ್ಸು ಮೂವತ್ತೆರಡು. ಮದುವೆಯ ಮಾತೆತ್ತಿದವರನ್ನೆಲ್ಲ ನಗಿಸಿ ಕಳಿಸಿಬಿಡುವ ಜಾಣೆ.

ಅವತ್ತು ಅವಳ ಕಣ್ಣು ಎರಡನೆಯ ಮಗ್ಗದ ಮೇಲೆ ಬಿತ್ತು. ಅದರ ಮೇಲೆ ಹಳೇ ಬೆಡ್‌ಶೀಟು ಹೊದೆಸಿತ್ತು.

“ಇದ್ಯಾಕೆ ಮಲಗೈತೆ?”

“ಅದು ಮೂರು ಲಾಳಿ ಮಗ್ಗ. ಸೀರೆ ಒಡಲಿಗೊಂದು ಬಣ್ಣ, ಅಂಚಿಗೊಂದು ಬಣ್ಣ. ಎರಡು ಲಾಳಿ ನಾನು ನೋಡ್ಕಂತೀನಿ. ಬಲಗಡೆ ಅಂಚಿನ ಲಾಳಿ ಎಸೆಯೋಕೆ ಪಕ್ಕದಾಗೆ ಇನ್ನೊಬ್ರು ಕೂರಬೇಕು. ಅವ್ವ ಕೂರ್ತಿದ್ಲು.”

ಅವ್ವ ಲಕ್ಷ್ಮಕ್ಕ ಹೋಗಿ ಎರಡು ವರ್ಷವಾಗಿತ್ತು. ಅಂದಿನಿಂದ ಅವನು ಒಬ್ಬನೇ ನೇಯಬಹುದಾದ ಸಾದಾ ಸೀರೆಗಳನ್ನೇ ನೇಯುತ್ತಿದ್ದ, ಒಬ್ಬನಿಗಾಗುವಷ್ಟೇ ಅಡುಗೆ ಮಾಡಿಕೊಳ್ಳುತ್ತಿದ್ದ. ಯಾರಾದರೂ ಕೇಳಿದರೆ ಆರಾಮಾಗಿದ್ದೀನಿ ಅನ್ನುತ್ತಿದ್ದ. ಅದನ್ನು ಅವನೂ ನಂಬಿಬಿಟ್ಟಿದ್ದ.

“ನಾನು ಕೂರ್ಲಾ?” ಎಂದಳು ಸೌಂದರ್ಯ.

ಅವಳು ಲಾಳಿ ಎಸೆದ ಮೊದಲ ಗಂಟೆಯಲ್ಲಿ ಎಳೆ ಹದಿನಾಲ್ಕು ಸಲ ಹರಿಯಿತು. ಪ್ರತಿ ಸಲವೂ “ಅಯ್ಯಯ್ಯೋ” ಅಂದು ಅವನ ಮುಖ ನೋಡುವಳು. ಅವನು ಬಯ್ಯದೆ ಗಂಟು ಹಾಕುವನು. ಅವನ ಲಾಳಿ ಹೋಗಿ ಅವಳ ಲಾಳಿ ಹೊರಡುವ ಹೊತ್ತು ತಪ್ಪಬಾರದು, ಅದಕ್ಕೆ ಒಬ್ಬರನ್ನೊಬ್ಬರು ನೋಡಲೇಬೇಕು. ಎಷ್ಟು ನೋಡಬೇಕೆಂದು ಮಾತ್ರ ಯಾರೂ ಹೇಳಿಕೊಟ್ಟಿಲ್ಲ.

“ಲಾಳಿ ನೋಡ್ರಿ, ನನ್ನನ್ನಲ್ಲ” ಎಂದಳು ಮೂರನೆಯ ಭಾನುವಾರ, ತುಟಿಯಂಚಿನಲ್ಲಿ ನಗು ಹಿಡಿದುಕೊಂಡು.

ಅವನ ಕಿವಿ ಕೆಂಪಾಯಿತು. ಆ ದಿನದಿಂದ ಅವಳ ಬಾಯಲ್ಲಿ ‘ಅಣ್ಣಾ’ ಎಂಬುದೂ ನಿಂತುಹೋಯಿತು. ಇದನ್ನು ಮೊದಲು ಗಮನಿಸಿದ್ದು ಅವರಿಬ್ಬರೂ ಅಲ್ಲ, ಪಕ್ಕದ ಮನೆಯ ರಂಗಕ್ಕ. ಅವಳೂ ಮಗ್ಗದವಳೇ. ಗೋಡೆಯಾಚೆಯಿಂದ ಲಾಳಿಯ ಸದ್ದು ಕೇಳಿಯೇ ಮನೆಯೊಳಗಿನ ಸಂಗತಿ ಹೇಳುವಷ್ಟು ಅನುಭವ.

ಯುಗಾದಿ ಕಳೆದ ಮೇಲೆ ಒಂದು ಭಾನುವಾರ ಸೌಂದರ್ಯ ಲಾಳಿ ಕೈಯಲ್ಲೇ ಹಿಡಿದು ಹೇಳಿದಳು. “ಜೂನ್‌ನಾಗೆ ನಾನು ಆಫ್ರಿಕಾಕ್ಕೆ ಹೋಗ್ತಿದೀನಿ ರೀ. ಸೈಕಲ್ ಟೂರ್. ವಿಕ್ಟೋರಿಯಾ ಜಲಪಾತದಿಂದ ಕೇಪ್ ಟೌನ್‌ಗೆ, ಮೂರೂವರೆ ಸಾವಿರ ಕಿಲೋಮೀಟರು, ಇಪ್ಪತ್ತೆರಡು ಜನ. ನಿಮ್ಮ ಪರಿಚಯ ಆಗೋಕಿಂತ ಮುಂಚೇನೇ ಹೆಸರು ಕೊಟ್ಟಿದ್ದೆ.”

ಓಬಳೇಶ್ ತನ್ನ ಲಾಳಿಯನ್ನು ತೊಡೆಯ ಮೇಲಿಟ್ಟ. ಹೋಗಬೇಡ ಅನ್ನುವ ಅಧಿಕಾರ ತನಗೆಲ್ಲಿಂದ ಬರಬೇಕು ಅನ್ನಿಸಿತು.

“ಎಷ್ಟು ದಿನ?”

“ನಲವತ್ತೈದು.”

“ಒಳ್ಳೇದು.”

ಅವಳು ಅವನನ್ನೇ ನೋಡಿದಳು. ಇನ್ನೊಂದು ಮಾತು ಬರುತ್ತದೇನೋ ಎಂದು ಕಾದ ನೋಟ ಅದು. ಬರಲಿಲ್ಲ. ಲಾಳಿ ಎಸೆದಳು.

ಹೋಗುವ ಮುಂಚಿನ ಭಾನುವಾರ ಬುಟ್ಟಿಯಿಂದ ಅಂಚಿನ ತುಂಡೊಂದನ್ನು ತಾನೇ ಆರಿಸಿಕೊಂಡು ಟೂಲ್ ಚೀಲಕ್ಕೆ ಹಾಕಿಕೊಂಡಳು. “ನಾನಿಲ್ದಾಗ ಸುಮ್ನೆ ಕೂರಬ್ಯಾಡ್ರಿ. ಚಳ್ಳಕೆರೆ ದಾರಿ ಅರ್ಧಕ್ಕೆ ಬಿ.ಜಿ. ಕೆರೆ ಐತಲ್ಲ, ಅಲ್ಲಿತನಕ ಸೈಕಲ್ ತುಳೀರಿ, ಅಲ್ಲಿ ಟೀ ಚೆನ್ನಾಗಿರ್ತೈತೆ.”

“ಈ ಗಾಳಿಯಾಗೆ ನನ್ನ ಕೈಲಾಗಲ್ಲ.”

“ಗಾಳಿ ಎದುರಿದ್ರೆ ತಲೆ ತಗ್ಗಿಸಿ ಮುಂದಿನ ಗಿಡ ಒಂದನ್ನೇ ನೋಡ್ಬೇಕು. ಅದು ಬಂದ್ಮೇಲೆ ಇನ್ನೊಂದು. ಊರು ನೆನೆಸ್ಕಂಡ್ರೆ ಸೋತ್ರಿ.”

ಸೀರೆ ಅರ್ಧಕ್ಕೆ ನಿಂತಿತು.

ವಾಯ್ಸ್ ಮೆಸೇಜುಗಳು ಬರತೊಡಗಿದವು. ಮೂರು ದಿನಕ್ಕೊಂದು, ಐದು ದಿನಕ್ಕೊಂದು.

“ಗುಂಪು ಅಂತ ಹೆಸರಷ್ಟೆ ರೀ. ಬೆಳಿಗ್ಗೆ ಒಟ್ಟಿಗೆ ಹೊರಡ್ತೀವಿ, ಹತ್ತು ಕಿಲೋಮೀಟರ್ ಆಗೋದ್ರೊಳಗೆ ಒಬ್ಬೊಬ್ರೂ ಒಂದೊಂದು ಕಡೆ. ಸಂಜೆ ಟೆಂಟ್ ಹತ್ರಾನೇ ಮತ್ತೆ ಮುಖ ನೋಡೋದು. ಕನ್ನಡ ಮಾತಾಡೋಕೆ ಒಬ್ರೂ ಇಲ್ಲ. ಇವತ್ತು ಬೋಟ್ಸ್ವಾನಾದಾಗೆ ರಸ್ತೆ ಮಧ್ಯ ಒಂದು ಕತ್ತೆ ನಿಂತಿತ್ತು. ಅದ್ರ ಹತ್ರಾನೇ ಕಷ್ಟಸುಖ ಮಾತಾಡ್ದೆ. ಪಾಪ, ಕೇಳಿಸ್ಕಂತು.”

ಅವನು ಅದನ್ನು ನಾಲ್ಕು ಸಲ ಕೇಳಿದ. ಕತ್ತೆಯ ಮೇಲೆ ಹೊಟ್ಟೆಕಿಚ್ಚಾಯಿತು. ಉತ್ತರಕ್ಕೆ ಅರ್ಧ ಗಂಟೆ ಯೋಚಿಸಿ “ಹುಷಾರು. ಊಟ ಮಾಡ್ರಿ” ಎಂದು ಕಳಿಸಿದ.

ಜುಲೈ ನಡುವಿನಲ್ಲಿ ಒಂದು ಮಧ್ಯಾಹ್ನ ಫೋನೇ ಬಂತು. ಅವಳು ನಮೀಬಿಯಾದ ವಿಂಡ್‌ಹುಕ್‌ನಲ್ಲಿದ್ದಳು, ಅವತ್ತು ಗುಂಪಿಗೆ ವಿಶ್ರಾಂತಿ.

“ಒಂದು ವಿಷ್ಯ ಕೇಳ್ಬೇಕಿತ್ತು” ಎಂದಳು. “ಇಲ್ಲೇ ಕೆಲಸಕ್ಕೆ ಕರೀತಿದಾರೆ. ಮುಂದಿನ ಗುಂಪುಗಳ ಜೊತೆ, ದಾರಿ ತೋರ್ಸೋಕೆ, ಊಟ ತಿಂಡಿ ನೋಡ್ಕಳೋಕೆ. ಇನ್ನೂ ಐದು ತಿಂಗಳು. ಕೇಪ್ ಟೌನ್ ಮುಟ್ಟೋದ್ರೊಳಗೆ ಹೇಳ್ಬೇಕು. ಏನು ಹೇಳ್ಲಿ?”

ಕೇಳಿದ್ದು ಸಲಹೆಯಲ್ಲ. ಎಂಥ ದಡ್ಡನಿಗೂ ಅದು ತಿಳಿಯುತ್ತಿತ್ತು. ಆದರೆ ಹುಟ್ಟಿದಾಗಿನಿಂದ ಮಗ್ಗದ ಜೊತೆ ಬೆಳೆದವನು ಹಸಿವಾದರೂ, ಜ್ವರ ಬಂದರೂ ಮಗ್ಗದ ಮೇಲೆ ಹಾಕಿಯೇ ಹೇಳುವುದು. ಅವರ ಮನೆಯಲ್ಲಿ ಅವ್ವನನ್ನು ಅಪ್ಪ ತವರಿನಿಂದ ಕರೆಸಿಕೊಳ್ಳುತ್ತಿದ್ದುದೂ ಹಾಗೆಯೇ.

“ಆ ಕಡೆ ಲಾಳಿ ಎಸೆಯೋರಿಲ್ಲ” ಎಂದ ಓಬಳೇಶ್. “ಸೀರೆ ನಿಂತೈತೆ. ರೇಷ್ಮೆ ಕೊಟ್ಟಿರೋ ನಾಗಭೂಷಣ ದಿನಾ ಕೇಳ್ತಾನೆ, ಶ್ರಾವಣದ ಮದುವೇಗೆ ಕೊಡಬೇಕಂತೆ.”

“ಲಾಳಿ ಎಸೆಯೋಕಾದ್ರೆ ರಂಗಕ್ಕ ಇದಾರಲ್ಲ, ಕೂರಿಸ್ಕಳ್ರಿ” ಎಂದಳು ಸೌಂದರ್ಯ. ದನಿ ತಣ್ಣಗಿತ್ತು. ಫೋನ್ ಇಟ್ಟಳು.

ತಾನೇನು ತಪ್ಪು ಹೇಳಿದೆನೆಂದು ಅವನಿಗೆ ಅರ್ಥವಾಗಲಿಲ್ಲ. ಅಂದಿನಿಂದ ಮೆಸೇಜೇ ಬರಲಿಲ್ಲ. ನಾಲ್ಕನೆಯ ದಿನ ನಾಗಭೂಷಣನೇ ಬಂದು ರಂಗಕ್ಕನನ್ನು ಕೂರಿಸಿ ಹೋದ.

ರಂಗಕ್ಕನ ಕೈ ಅಂದರೆ ಕೈ. ಒಂದೆಳೆ ಹರಿಯಲಿಲ್ಲ, ಒಂದು ಹೊತ್ತು ತಪ್ಪಲಿಲ್ಲ. ಸೌಂದರ್ಯ ಎಸೆದ ಭಾಗದಲ್ಲಿ ಅಂಚು ಅಲ್ಲಲ್ಲಿ ಸಣ್ಣಗೆ ಡೊಂಕಿತ್ತು, ರಂಗಕ್ಕ ಕೂತಲ್ಲಿಂದ ದಾರ ಹಿಡಿದ ಹಾಗೆ ನೆಟ್ಟಗಾಯಿತು. ಏಳು ತಿಂಗಳ ಭಾನುವಾರಗಳಲ್ಲಿ ಆದಷ್ಟು ನೇಯ್ಗೆ ಹನ್ನೆರಡು ದಿನದಲ್ಲಿ ಆಗಿಹೋಯಿತು.

ಮಗ್ಗ ಓಡುತ್ತಿತ್ತು. ನಾಗಭೂಷಣ ಖುಷಿಯಾಗಿದ್ದ. ಓಬಳೇಶ್ ಪ್ರತಿ ಸಲವೂ ತಲೆಯೆತ್ತಿ ಬಲಕ್ಕೆ ನೋಡುತ್ತಿದ್ದ, ರಂಗಕ್ಕನ ಹಣೆಬೊಟ್ಟು, ಎಲೆಯಡಿಕೆ ಬಾಯಿ ಕಂಡು ತಲೆ ತಗ್ಗಿಸುತ್ತಿದ್ದ. ಸೀರೆ ಬೆಳೆದಷ್ಟೂ ಅವನ ಊಟ ಕಡಿಮೆಯಾಯಿತು. ಮಗ್ಗ ನಿಂತಿದ್ದಕ್ಕೇ ಬೇಜಾರು ಅಂದುಕೊಂಡಿದ್ದನಲ್ಲ, ಈಗ ಮಗ್ಗ ನಡೆಯುತ್ತಿದ್ದರೂ ಮನೆ ಹಾಗೇ ಬಿಕೋ ಅನ್ನುತ್ತಿತ್ತು.

“ರಂಗಕ್ಕಾ, ನಿನ್ನ ಕೈ ಭಾಳ ಚೆನ್ನಾಗೈತೆ” ಎಂದ ಕೊನೆಯ ದಿನ.

“ಅದಕ್ಯಾಕೆ ಅಳು ಮುಖ?”

“ಆ ಡೊಂಕು ಅಂಚೇ ನೋಡ್ತಾ ಕೂರಾಣ ಅನ್ನಿಸ್ತೈತೆ. ಸೀರೆ ಮುಗೀತು, ಮಗ್ಗಕ್ಕೆ ಈಗ ಆಯಮ್ಮ ಬೇಕಾಗಿಲ್ಲ. ಆದ್ರೂ...”

“ಪಿಚ್ಚೋಡಾ!” ಎಂದು ತೆಲುಗಿನಲ್ಲೇ ಬೈದಳು ರಂಗಕ್ಕ. “ಹುಚ್ಚು ನನ್ಮಗನೇ, ಇದನ್ನ ನನಗ್ಯಾಕೆ ಹೇಳ್ತೀಯ? ಬಾಯಿದ್ದೋನು ಬರಗಾಲದಾಗೂ ಬದುಕ್ತಾನಂತೆ. ನೀನು ಸುಗ್ಗಿಯಾಗೂ ಉಪವಾಸ ಸಾಯ್ತೀಯ.”

ಸೀರೆ ಕೊಯ್ದರು. ಪದ್ಧತಿಯಂತೆ ಹಾಸಿನ ಉದ್ದೆಳೆಗಳನ್ನು ಕೊನೆಯಲ್ಲಿ ಗೇಣಿನಷ್ಟು ಮಗ್ಗದಲ್ಲೇ ಉಳಿಸಿದರು. ಹೊಸ ಹಾಸಿನ ಒಂದೊಂದೆಳೆಯನ್ನೂ ಆ ಹಳೆಯ ಎಳೆಗಳಿಗೇ ಗಂಟು ಹಾಕಬೇಕು, ಅದಕ್ಕೇ ಮಗ್ಗವನ್ನು ಪೂರಾ ಬರಿದು ಮಾಡುವುದಿಲ್ಲ. ರಂಗಕ್ಕ ಹೋದ ಮೇಲೆ ಓಬಳೇಶ್ ಆ ಎಳೆಗಳ ಮುಂದೆ ಕೂತು ಫೋನು ಬಾಯಿಗೆ ಹಿಡಿದ.

“ಸೀರೆ ಮುಗೀತು. ರಂಗಕ್ಕ ನಿನಗಿಂತ ಚೆನ್ನಾಗಿ ಎಸೀತಾಳೆ. ಮಗ್ಗಕ್ಕೆ ನೀನು ಬ್ಯಾಡ. ನಂಗೆ ಬೇಕು.”

ಕಳಿಸಿದ ಮೇಲೆ ತಾನೇ ಒಮ್ಮೆ ಕೇಳಿಸಿಕೊಂಡ. ನೀವು ಅನ್ನುವುದನ್ನು ಮರೆತಿದ್ದ.

ಮೆಸೇಜಿನ ಪಕ್ಕ ಒಂದೇ ಟಿಕ್ ಗುರುತು ಬಿತ್ತು, ಮುಟ್ಟಿತೆನ್ನುವ ಎರಡನೆಯದು ಬೀಳಲಿಲ್ಲ. ಮರುಭೂಮಿಯ ದಾರಿಯಲ್ಲಿ ಸಿಗ್ನಲ್ ಇರುವುದಿಲ್ಲ ಎಂದು ಅವಳೇ ಹೇಳಿದ್ದಳು. ಒಂದು ದಿನ ಕಳೆಯಿತು, ಮೂರು, ಆರು. ಅಷ್ಟು ದಿನವೂ ಅವನು ಹೊಸ ಹಾಸಿನ ಎಳೆಗಳಿಗೆ ಗಂಟು ಹಾಕುತ್ತ ಕೂತ. ಸಾವಿರಾರು ಎಳೆ, ಒಂದೊಂದಕ್ಕೂ ಒಂದೊಂದು ಗಂಟು. ಇಷ್ಟು ಒಂಟಿಯಾಗಿ ಅವ್ವ ಹೋದಾಗಲೂ ಅವನು ಇರಲಿಲ್ಲ.

ಏಳನೆಯ ದಿನ ಮಧ್ಯಾಹ್ನ ಫೋನು ಬಂತು. ಅವಳು ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲಿಲ್ಲ.

“ನಿಮ್ಮ ಮೆಸೇಜು ಇವತ್ತು ಕೇಳಿದೆ” ಎಂದಳು. “ನಿನ್ನೆ ಸಹಿ ಹಾಕ್ದೆ ಕಣ್ರೀ. ಐದು ತಿಂಗಳಿಗೆ.”

ಅವನು ಗೋಡೆಗೆ ಒರಗಿದ.

“ಬ್ಯಾಡ ಅನ್ರಿ. ಈಗ್ಲೇ ಹೋಗಿ ಆಗಲ್ಲ ಅಂದು ಬಂದುಬಿಡ್ತೀನಿ.”

ನಾಲಿಗೆಯ ತುದಿಗೆ ಬಂತು. ಹೇಳಿದ್ದರೆ ವಾರದಲ್ಲಿ ಅವಳು ಈ ಬಾಗಿಲಲ್ಲಿ ನಿಂತಿರುತ್ತಿದ್ದಳು. ಆದರೆ ಮಿಲ್ಲಿನ ಆರು ದಿನಗಳನ್ನು ಅವಳು ಯಾವುದರ ಆಸೆಯಿಂದ ಕಳೆಯುತ್ತಿದ್ದಳೆಂದು ಅವನು ಕಂಡಿದ್ದ.

“ನಾನು ಬೇಕು ಅಂದೆ” ಎಂದ. “ಬಾ ಅನ್ಲಿಲ್ಲ. ಎರಡೂ ಬೇರೆ. ಮುಗಿಸ್ಕಂಡು ಬಾ.”

“ಕಾಯ್ತೀರಾ?”

“ದಿನಕ್ಕೆ ಗೇಣು, ಮೊಳ ನೇದು ಬದುಕೋನು ನಾನು. ಐದು ತಿಂಗಳು ಅಂದ್ರೆ ಎಷ್ಟು ಸೀರೆ ಅಂತ ಲೆಕ್ಕ ಹಾಕ್ತೀನಿ, ಅಷ್ಟೆ.”

“ಸಂಕ್ರಾಂತಿ ಆದ್ಮೇಲಿನ ಭಾನುವಾರ ಚಳ್ಳಕೆರೆಯಿಂದ ಸೈಕಲ್ ಹತ್ತುತ್ತೀನಿ” ಎಂದಳು. “ಅರ್ಧ ದಾರಿಗೆ ಬರ್ತೀಯಾ, ಓಬಳೇಶ್?”

ಅವಳ ಬಾಯಲ್ಲಿ ಬರೀ ಅವನ ಹೆಸರು ಬಂದದ್ದು ಅದೇ ಮೊದಲು. “ಹ್ಞೂಂ, ಬರ್ತೀನಿ” ಎಂದ.

ಮುಂದಿನ ಭಾನುವಾರ ಅಪ್ಪನ ಕಾಲದ ಸೈಕಲ್ಲನ್ನು ಒರೆಸಿ, ಗಾಳಿ ತುಂಬಿಸಿ, ಬಿ.ಜಿ. ಕೆರೆಯ ದಾರಿ ಹಿಡಿದ. ಶ್ರಾವಣದ ಗಾಳಿ ಎದುರಿಗೇ ಹೊಡೆಯುತ್ತಿತ್ತು. ಮೂರು ಕಡೆ ಇಳಿದು ನೂಕಿದ. ಹೋಟೆಲ್ಲಿನ ಬೆಂಚಿನಲ್ಲಿ ಕೂತು ಒಂದು ಟೀ ಕುಡಿದ. ಅವಳು ಹೇಳಿದ್ದು ಸುಳ್ಳಲ್ಲ, ಚೆನ್ನಾಗಿತ್ತು. ಪಕ್ಕದ ಜಾಗ ಖಾಲಿಯಿತ್ತು. ಯಾರೋ ಬಂದು “ಇಲ್ಲಿ ಯಾರಾದ್ರೂ ಇದಾರಾ?” ಎಂದು ಕೇಳಿದರು.

“ಬರ್ತಾರೆ” ಎಂದ ಓಬಳೇಶ್.

ಅಲ್ಲಿಂದ ಪ್ರತಿ ಭಾನುವಾರ ಹೋದ. ಸಂಕ್ರಾಂತಿಗೆ ಇನ್ನೂ ಇಪ್ಪತ್ತೆರಡು ಭಾನುವಾರಗಳಿದ್ದವು. ಅವನು ಅದನ್ನು ನೆನೆಸಿಕೊಳ್ಳುತ್ತಿರಲಿಲ್ಲ. ತಲೆ ತಗ್ಗಿಸಿ, ಮುಂದಿನ ಗಿಡ ಒಂದನ್ನೇ ನೋಡುತ್ತ ತುಳಿಯುತ್ತಿದ್ದ.