ಅಡುಗೆಮನೆಗೆ ಮಾಡಿದ ಸ್ಪೀಕರ್

ನಾನು ಇಂಥದ್ದನ್ನೆಲ್ಲ ನಂಬುವವನಲ್ಲ, ಆದರೆ ಇದು ನಮ್ಮ ಬಸವೇಶ್ವರನಗರದ ಮನೆಯಲ್ಲೇ ನಡೆದದ್ದು. ಕಂಪ್ಯೂಟರಿನಲ್ಲಿರುವ ಹಾಡುಗಳು ವೈಫೈ ಮೂಲಕ ಅಡುಗೆಮನೆಯಲ್ಲೂ ಕೇಳಲಿ ಎಂದು ಹೆಂಡತಿ ವನಮಾಲಾಳಿಗಾಗಿ ನಾನೇ ಒಂದು ಸ್ಪೀಕರ್ ಪೆಟ್ಟಿಗೆ ಮಾಡಿದೆ. ಅದನ್ನು ಮುಗಿಸಿದ್ದು ಒಂದು ಭಾನುವಾರ ಬೆಳಿಗ್ಗೆ; ಅಂದೇ ಹೊಸ ಬೀಗರು ಊಟಕ್ಕೆ ಬರುವವರಿದ್ದರು. ಹೋಳಿಗೆ ಸಾರು ಅವಳಿಗೆ ಎಂದೂ ಹದವಾಗಿ ಬಂದದ್ದಿಲ್ಲ, ಅದೇ ದಿಗಿಲಿನಲ್ಲಿದ್ದಳು. ಸಮಾಧಾನಕ್ಕೆ ಒಂದು ಹಾಡು ಹಾಕೋಣವೆಂದು ಪೆಟ್ಟಿಗೆಯ ಸ್ವಿಚ್ ಒತ್ತಿದೆ.

ಹಾಡು ಬರಲಿಲ್ಲ, ಗಾಜಿನ ಬಳೆಗಳ ಸದ್ದು ಬಂತು. ಹಿಂದೆಯೇ ಒಬ್ಬ ಹೆಂಗಸು ನಗುನಗುತ್ತಾ ಹೇಳಿದಳು: "ಉರಿ ಸಣ್ಣ ಮಾಡೇ, ಉಕ್ಕತ್ತೆ!"

ವನಮಾಲಾ ತಟ್ಟನೆ ಉರಿ ಸಣ್ಣ ಮಾಡಿದಳು. "ಇದ್ಯಾವ ಸ್ಟೇಷನ್‌ರೀ?"

"ಇದ್ರಲ್ಲಿ ರೇಡಿಯೋನೇ ಇಲ್ಲ ಕಣೇ," ಎಂದು ಪ್ಲಗ್ ಕಿತ್ತೆ. ಒಲೆಯ ಪಕ್ಕದಲ್ಲಿದ್ದರೂ ಪೆಟ್ಟಿಗೆ ಫ್ರಿಜ್ಜಿನಿಂದ ತೆಗೆದಂತೆ ತಣ್ಣಗಿತ್ತು. ಮತ್ತೆ ಬಳೆಗಳ ಸದ್ದಾಯಿತು.

"ಇನ್ನೊಂಚೂರು ಬೆಲ್ಲ ಹಾಕು."

ನಾನು ಕೈಯಲ್ಲಿದ್ದ ಪ್ಲಗ್ಗನ್ನೇ ನೋಡಿದೆ. ವನಮಾಲಾ ಬೆಲ್ಲ ಹಾಕಿ, ರುಚಿ ನೋಡಿ, ಮುಖವರಳಿಸಿದಳು. "ಯಾರಾದ್ರೂ ಆಗ್ಲಿ, ಚೆನ್ನಾಗಿ ಹೇಳ್ಕೊಡ್ತಾರೆ. ಇರ್ಲಿ ಬಿಡಿ."

ಬೀಗರು ಕೇಳಿ ಕೇಳಿ ಸಾರು ಹಾಕಿಸಿಕೊಂಡರು. ಅವರು ಹೊರಟ ಮೇಲೆ ಪೆಟ್ಟಿಗೆ ಬಿಚ್ಚಿ ನೋಡಿದೆ. ಬೆಳಗಿನ ಅವಸರದಲ್ಲಿ ಸ್ಪೀಕರಿಗೆ ವೈರುಗಳನ್ನು ಬೆಸೆಯುವುದನ್ನೇ ನಾನು ಮರೆತಿದ್ದೆ.