ಗೊಬ್ಬೂರ ದಿಬ್ಬದ ದಾಖಲೆ

ಶಾಮಿಯಾನ ಬಿಚ್ಚಿಕೊಂಡು ಹೋದ ಮರುದಿನ ಬೆಳಿಗ್ಗೆ ಬಸವೇಶ್ವರಿ ತಾನೇ ಒಲೆ ಹಚ್ಚಿದಳು. ಅಲ್ಲಿಯವರೆಗೆ ಬುತ್ತಿ ತರುತ್ತಿದ್ದ ಓಣಿಯ ಹೆಂಗಸರು ಅಂದು ಬರಲಿಲ್ಲ. ಹಾಲಿನವನು ಎಂದಿನ ಹೊತ್ತಿಗೆ ಬಂದು ಹೋದ. ಅತ್ತೆ ಗಂಗಾಬಾಯಿ ವಿಭೂತಿ ಹಚ್ಚಿಕೊಂಡು, ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಪೂಜೆಗೆ ಕುಳಿತಿದ್ದರು. ಚಹಾ ಕುದಿಯುವವರೆಗೆ ಮಾಡಲು ಬೇರೇನೂ ಇಲ್ಲದೆ ಅವಳು ಗಂಡನ ಫೋನು ತೆರೆದಳು.

ಸವಾರಿಗಳನ್ನು ನಕ್ಷೆಯ ಮೇಲೆ ಗೆರೆಯಾಗಿ ದಾಖಲಿಸುವ ಆಪಿನಲ್ಲಿ ಶಾಂತಕುಮಾರನ ಕೊನೆಯ ಸೈಕಲ್ ಸವಾರಿ ಇತ್ತು. ಅಫಜಲಪುರದ ಮನೆಯಿಂದ ಹೊರಟ ಗೆರೆ ಗೊಬ್ಬೂರ ದಾಟಿ, ದಿಬ್ಬದ ನಡುವೆ ನಿಂತುಬಿಟ್ಟಿತ್ತು. ಕಬ್ಬಿನ ಟ್ರ್ಯಾಕ್ಟರು ಗುದ್ದಿದ್ದು ಅಲ್ಲಿಯೇ. ಆಪು ಅದನ್ನು ತನ್ನಷ್ಟಕ್ಕೇ ಸೈಕಲ್ ಬಳಗಕ್ಕೆಲ್ಲ ಹಂಚಿತ್ತು. ಕೆಳಗೆ ಗೆಳೆಯ ಸುಧೀರ ಬರೆದಿದ್ದ: 'ಅರ್ಧಕ್ಕೇ ಕೈಬಿಟ್ಟಿಯೇನಲೇ ಮಾಸ್ತರ?'

ಸುದ್ದಿ ಗೊತ್ತಾಗುವ ಮೊದಲು ಬರೆದದ್ದು. ಅದು ಅವಳಿಗೆ ತಿಳಿಯಿತು. ಆದರೆ ಗೊತ್ತಾದ ಮೇಲೂ ಅವನು ಅಳಿಸಿರಲಿಲ್ಲ. ಮಣ್ಣಿಗೆ ಬಂದಿದ್ದ, ಕುಣಿಯೊಳಗೆ ಹಿಡಿ ಮಣ್ಣು ಹಾಕಿದ್ದ, ಮನೆಗೆ ಹೋಗಿ ಉಂಡಿದ್ದ. ಮಾತು ಅಲ್ಲೇ ಉಳಿದಿತ್ತು. ಅದಕ್ಕೆ ಇಬ್ಬರು ಹೆಬ್ಬೆರಳು ಎತ್ತಿದ್ದರು.

ಸುಧೀರನದು ಬಸ್ ಸ್ಟ್ಯಾಂಡಿನ ಹತ್ತಿರ ಗೊಬ್ಬರದ ಅಂಗಡಿ. ರವಿವಾರ ಅವನು, ಶಾಂತಕುಮಾರ, ಇನ್ನೂ ಕೆಲವರು ಸೈಕಲ್ ಮೇಲೆ ಆಳಂದಕ್ಕೋ ಜೇವರ್ಗಿಗೋ ಹೋಗಿ ಬರುತ್ತಿದ್ದರು. ಸಂಜೆಗೆ ಆಪು ತೆರೆದು, ಯಾರು ಎಲ್ಲಿ ಎಷ್ಟು ಬೇಗ ಹೋದರು ಎಂದು ಜಗಳ. ಗೊಬ್ಬೂರಿನ ದಿಬ್ಬವನ್ನು ಎಲ್ಲರಿಗಿಂತ ಬೇಗ ಏರಿದವನ ಹೆಸರು ಸುಧೀರನದಾಗಿತ್ತು. ಹೋದ ವರ್ಷ ಕಲಬುರಗಿಯಲ್ಲಿ ಅವನ ಎದೆಗೆ ಸ್ಟೆಂಟ್ ಹಾಕಿದರು. ಸೈಕಲ್ ಮೆಲ್ಲಗೆ ಹೊಡೆ, ಏರಿನಲ್ಲಿ ಮಾತ್ರ ಜಿದ್ದಿಗೆ ಬೀಳಬೇಡ ಎಂದು ಡಾಕ್ಟರು ತಾಕೀತು ಮಾಡಿದ್ದರು. ಜಿದ್ದು ಕಾಲಿನಿಂದ ಬಾಯಿಗೆ ಬಂತು. ತನ್ನ ಹಳೆಯ ಜಿಪಿಎಸ್ ಮೀಟರು, ಎದೆಬಡಿತ ಅಳೆಯುವ ಪಟ್ಟಿ ಎರಡನ್ನೂ ಶಾಂತಕುಮಾರನಿಗೆ ಎರವಲು ಕೊಡಲು ಬಂದವನು ಅವಳ ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದ.

'ತಗೋಲೇ. ಎಷ್ಟ ಸೋತಿ ಅನ್ನೂದರ ಬರೋಬರ್ ಗೊತ್ತಾಗ್ಲಿ. ವೈನಿ, ಇವಗ ಇನ್ನೆರಡು ರೊಟ್ಟಿ ಹೆಚ್ಚಿಗಿ ಹಾಕ್ರಿ. ಎದ್ಯಾಗ ತಂತಿ ಇದ್ದಾಂವನ್ನ ಹಿಂದ ಹಾಕಾಕ ಆಗವಲ್ದು.'

ಶಾಂತಕುಮಾರ ನಕ್ಕಿದ್ದ. ಮರುದಿನದಿಂದ ಶಾಲೆ ಬಿಟ್ಟ ಕೂಡಲೇ ದಿಬ್ಬಕ್ಕೆ ಹೋಗತೊಡಗಿದ್ದ.

ಚಹಾ ಉಕ್ಕಿತು. ಅವಳು ಒಲೆ ಆರಿಸಿದಳು. ಅಷ್ಟರಲ್ಲಿ ನಿರ್ಧಾರ ಆಗಿಹೋಗಿತ್ತು.

ಸುಧೀರನನ್ನು ಮುಟ್ಟುವ ಅಗತ್ಯವಿರಲಿಲ್ಲ. ವಿಷ ಬೇಡ, ಗುದ್ದುವ ಗಾಡಿ ಬೇಡ. ದಿಬ್ಬವಿತ್ತು, ಅವನ ಎದೆಯಿತ್ತು, ಅವನ ಸೊಕ್ಕಿತ್ತು. ಮೂರನ್ನೂ ಒಂದು ಕಡೆ ಸೇರಿಸಿದರೆ ಉಳಿದದ್ದನ್ನು ಅವನೇ ತುಳಿದು ಮುಗಿಸುತ್ತಾನೆ. ಇದಕ್ಕೆ ಯಾವ ಕಾನೂನಿನಲ್ಲೂ ಕಲಮು ಇಲ್ಲ.

ಪೊಲೀಸರು ಚೀಲದಲ್ಲಿ ಹಾಕಿ ಕೊಟ್ಟಿದ್ದ ಮೀಟರನ್ನು ತೆಗೆದು ಚಾರ್ಜಿಗೆ ಇಟ್ಟಳು. ಗಾಜು ಸಹ ಒಡೆದಿರಲಿಲ್ಲ. ಗಂಡ ಬಿದ್ದ ಜಾಗ ನೋಡಿ ಬರುತ್ತೇನೆ ಎಂದಾಗ ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. 'ನೋಡಿ ಏನ್ ಮಾಡ್ತಿ ಯವ್ವಾ. ಆತು, ಬಿಸಲ ಏರೂದ್ರಾಗ ಬಾ.'

ಮೀಟರನ್ನು ಸ್ಕೂಟಿಯ ಹ್ಯಾಂಡಲಿಗೆ ಕಟ್ಟಿದಳು. ಪಟ್ಟಿಯನ್ನು ಕುಪ್ಪಸದ ಒಳಗೆ ಬಿಗಿದುಕೊಂಡಳು. ಎರವಲು ತಂದಂದಿನಿಂದ ಶಾಂತಕುಮಾರನ ಎಲ್ಲ ಸವಾರಿಗಳಲ್ಲೂ ಎದೆಬಡಿತದ ಗೆರೆ ಇತ್ತು, ಇದೊಂದರಲ್ಲಿ ಇಲ್ಲದಿದ್ದರೆ ಯಾರಾದರೂ ಕೇಳಬಹುದು. ಎದೆ ಇದ್ದವರಿಗೆಲ್ಲ ಬಡಿತ ಇರುತ್ತದೆ. ದಿಬ್ಬದ ಬುಡದಲ್ಲಿ ಸ್ಕೂಟಿಯನ್ನು ನಿಧಾನವಾಗಿ ಬಿಟ್ಟಳು, ನಡುವೆ ಚೂರು ಜೋರು ಮಾಡಿದಳು, ತುದಿಯ ಹತ್ತಿರ ದಣಿದವನಂತೆ ಮತ್ತೆ ತಗ್ಗಿಸಿದಳು. ಗಂಡ ಏರುತ್ತಿದ್ದದ್ದು ಹಾಗೆಯೇ. ಸುಧೀರನ ದಾಖಲೆಗಿಂತ ಕೊಂಚವೇ ಬೇಗ ತುದಿ ಮುಟ್ಟಿದಳು, ಮನುಷ್ಯನ ಕೈಲಾಗುವಷ್ಟೇ. ದಾರಿಯಲ್ಲಿ ಒಂದು ಕಡೆ ಕಬ್ಬಿನ ಸಿಪ್ಪೆ ಡಾಂಬರಿಗೆ ಅಂಟಿ ಒಣಗಿತ್ತು. ಅವಳ ಕಣ್ಣು ವೇಗದ ಅಂಕಿಯ ಮೇಲೆ ಇತ್ತು. ಸ್ಕೂಟಿ ನಿಲ್ಲಲಿಲ್ಲ.

ವಿಶ್ವವಿದ್ಯಾಲಯದಲ್ಲಿ ಅವಳು ಓದಿದ್ದು ಭೂಗೋಳ. ನಕ್ಷೆಯ ಕಡತಗಳನ್ನು ಬಿಚ್ಚಿ ಜೋಡಿಸುವುದನ್ನು ಅಲ್ಲಿಯೇ ಕಲಿತಿದ್ದಳು. ಲ್ಯಾಪ್‌ಟಾಪಿನಲ್ಲಿ ಸವಾರಿಯ ದಿನಾಂಕವನ್ನು ಹಿಂದಕ್ಕೆ ಸರಿಸಿ, ಗಂಡ ನಿಜವಾಗಿಯೂ ದಿಬ್ಬಕ್ಕೆ ಹೋಗಿ ಮೀಟರು ಹಚ್ಚಲು ಮರೆತು ಬಂದಿದ್ದ ಒಂದು ಸಂಜೆಗೆ ತಂದಿಟ್ಟಳು. ದಾರಿ ಸರಿಯಿತ್ತು, ವೇಗ ಸರಿಯಿತ್ತು, ಎದೆಬಡಿತದ ಗೆರೆಯೂ ಬಂದಿತ್ತು. ಮೀಟರಿನೊಳಗಿನ ಮೂಲವನ್ನು ಅಳಿಸಿದಳು. ಗಂಡನ ಖಾತೆಯಿಂದ ಆಪಿಗೆ ಏರಿಸಿ, ಮೀಟರಿನಲ್ಲಿ ಉಳಿದುಕೊಂಡಿತ್ತು ಎಂದು ಒಂದು ಸಾಲು ಬರೆದಳು.

ದಿಬ್ಬದ ಮೊದಲ ಹೆಸರು ಶಾಂತಕುಮಾರನದಾಯಿತು. ಬಳಗದವರು ಕೈಮುಗಿದ ಚಿತ್ರ ಹಾಕಿದರು. ಒಬ್ಬ ಬರೆದ: 'ಸತ್ತ ಮ್ಯಾಲೆ ಗೆದ್ದ ನೋಡ್ರಿ ನಮ್ಮ ಮಾಸ್ತರ.' ಸುಧೀರ ಏನೂ ಬರೆಯಲಿಲ್ಲ. ಬಾಯಿ ಮುಚ್ಚಿತೆಂದರೆ ಜಿದ್ದು ಕಾಲಿಗೆ ಇಳಿದಿದೆ ಎಂದು ಅವಳು ಲೆಕ್ಕ ಹಾಕಿದಳು.

ಲೆಕ್ಕ ತಪ್ಪಲಿಲ್ಲ. ಬೆಳಗಾದರೆ ಅವನ ಗೆರೆ ದಿಬ್ಬದ ಮೇಲೆ ಕಾಣುತ್ತಿತ್ತು, ಪ್ರತಿ ಸಲ ಇನ್ನಷ್ಟು ಹತ್ತಿರ. ಅವಳು ರೊಟ್ಟಿ ಬಡಿಯುತ್ತ ನೋಡುತ್ತಿದ್ದಳು. ನಡುವೆ ಅವನ ಹೆಂಡತಿ ವಂದನಾ ಫೋನು ಮಾಡಿದಳು. ಇವರು ಯಾರ ಮಾತೂ ಕೇಳುತ್ತಿಲ್ಲ, ಗೆಳೆಯನ ಹೆಂಡತಿ ಅಂತ ನಿಮ್ಮ ಮಾತಿಗಾದರೂ ನಿಲ್ಲಬಹುದು, ನೀವೇ ಹೇಳಿ ಎಂದು ಅತ್ತಳು. ಹೇಳುತ್ತೇನೆ ಎಂದು ಬಸವೇಶ್ವರಿ ಫೋನಿಟ್ಟಳು. ಹೇಳಲಿಲ್ಲ.

ಹೊಲಕ್ಕೆ ಹೊರಟವರು ಅವನ ಹೆಣವನ್ನು ದಿಬ್ಬದ ತುದಿಯಲ್ಲಿ ಕಂಡರು. ಸೈಕಲ್ಲಿಗೆ ಒಂದು ಗೀರೂ ಬಿದ್ದಿರಲಿಲ್ಲ. ಆಪಿನಲ್ಲಿ ಮೊದಲ ಹೆಸರು ಮತ್ತೆ ಸುಧೀರನದಾಗಿತ್ತು. ಬಸವೇಶ್ವರಿ ಅದಕ್ಕೆ ಬೇಸರಪಟ್ಟುಕೊಳ್ಳಲಿಲ್ಲ. ಕಾರ್ಯಗಳೆಲ್ಲ ಮುಗಿಯುವವರೆಗೆ ಕಾದಳು. ಎರವಲು ವಸ್ತು ಮನೆಯಲ್ಲಿ ಉಳಿಯಬಾರದು, ಕೊಟ್ಟು ಬಂದರೆ ಎಲ್ಲ ಮುಗಿದಂತೆ.

ವಂದನಾಳ ಪಡಸಾಲೆಯಲ್ಲಿ ಸೈಕಲ್ ಬಳಗದವರು ಗೋಡೆಗೆ ಆತು ಕುಳಿತಿದ್ದರು. ಅವಳು ಒಳಗೆ ಬಂದಾಗ ಯಾರೂ ಬರ್ರಿ ಅನ್ನಲಿಲ್ಲ. ವಂದನಾ ಮೀಟರು, ಪಟ್ಟಿ ಎರಡನ್ನೂ ಇಸಿದುಕೊಂಡು ಮೀಟರನ್ನು ಪಕ್ಕಕ್ಕಿಟ್ಟಳು. ಪಟ್ಟಿಯನ್ನು ಕೈಯಲ್ಲೇ ಹಿಡಿದಿದ್ದಳು. 'ನನಗ ಸ್ಪೀಡ್ ಗೀಡ್ ತಿಳಿಯೂದಿಲ್ಲ ಅಕ್ಕಾ. ಸ್ಟೆಂಟ್ ಹಾಕಿದಾಗಿಂದ ಆಪಿನಾಗ ನಾ ಬರೇ ಎದಿ ಗೆರಿ ನೋಡಾಕತ್ತೇನಿ. ಇವರದು ನೋಡಿ, ಗಟ್ಟಿ ಎದಿ ಹೆಂಗ ಬಡಿತದ ಅಂತ ಮಾಸ್ತರದು ನೋಡ್ತಿದ್ನಿ. ಇವರು ಹೋದ ಮ್ಯಾಲೆ ಎಲ್ಲಾ ಮತ್ತ ತಗದು ನೋಡೇನಿ. ಆ ದಿಬ್ಬದಾಗ ಮಾಸ್ತರ ಎದಿ ದಿನಾ ನೂರಾ ಎಂಬತ್ತಕ್ಕ ಹೋಗತದ. ಗೆದ್ದ ದಿನ ಅಷ್ಟ, ಬುಡಕ್ಕೂ ಎಪ್ಪತ್ತೆರಡು, ತುದಿಗೂ ಎಪ್ಪತ್ತೆರಡು.' ಬಸವೇಶ್ವರಿ ಅಂದು ಗೆರೆ ಬಂದಿದೆಯೇ ಎಂದಷ್ಟೇ ನೋಡಿದ್ದಳು, ಅದು ಎಷ್ಟು ಏರಿದೆ ಎಂದು ನೋಡಿರಲಿಲ್ಲ. ಗಂಡ ಬಿದ್ದ ಜಾಗ ದಾಟುವಾಗಲೂ ತನ್ನ ಎದೆ ಒಂದು ಬಡಿತವನ್ನೂ ಹೆಚ್ಚಿಗೆ ಬಡಿದಿರಲಿಲ್ಲ ಎಂಬುದು ಅವಳಿಗೆ ಈಗ ತಿಳಿಯಿತು. ವಂದನಾ ಪಟ್ಟಿಯನ್ನು ಅವಳತ್ತ ಚಾಚಿದಳು. 'ಅಷ್ಟ ತಣ್ಣಗ ಕುಂತು ಏರಿದವರು ಯಾರಂತ ಈ ಬಳಗದವರೂ ನೋಡ್ಲಿ. ಕಟ್ಕೋರಿ.'