ತೂವಾ ಬಂದ ದಿನ

“ಒಂದೇ ದಿನ ಎರಡು ಕೇಕಾ? ನೀನೇನು ಎರಡು ಸಲ ಹುಟ್ಟಿದ್ಯಾ?” ಬೇಕರಿಯ ಎಲಿಸ್ ಕೀಟಲೆ ಮಾಡಿದ. ಅವನ ಹುಬ್ಬಿಗೆ ಹಿಟ್ಟು ಮೆತ್ತಿತ್ತು. ಒರೆಸಲು ಹೊರಟ ಕೈಯನ್ನು ತೂವಾ ಜೇಬಿಗೆ ತುರುಕಿಕೊಂಡಳು.

“ಹುಟ್ಟುಹಬ್ಬ ಅಲ್ಲ ಮಾರಾಯ. ನಾನು ಸ್ವೀಡನ್‌ಗೆ ಬಂದ ದಿನ. ಒಂದು ಅಪ್ಪನ ಮನೆಗೆ, ಒಂದು ಅಮ್ಮನ ಮನೆಗೆ.”

ಮೂರು ವರ್ಷದ ಕೂಸಾಗಿ ಕೊಲಂಬಿಯಾದಿಂದ ದತ್ತು ಬಂದವಳು ಅವಳು. ವರ್ಷ ವರ್ಷವೂ ಆ ದಿನ ಕೇಕು, ಮೇಜಿನ ಮೇಲೆ ಸ್ವೀಡನ್ನಿನ ಪುಟ್ಟ ಬಾವುಟ, ಫೋಟೋ. ಅಪ್ಪ ಅಮ್ಮ ಬೇರೆಯಾದ ಮೇಲೆ ಸಂಭ್ರಮವೂ ಎರಡಾಯಿತು. ಎರಡೂ ಕಡೆ ಒಂದೇ ಸಮ ನಗುವುದು ತೂವಾಳ ಪಾಲಿಗೆ ಬಂತು. ಎಲ್ಲಿ ಒಂದು ಚೂರು ಕಡಿಮೆ ನಕ್ಕರೂ ಅಲ್ಲೊಬ್ಬರ ಮುಖ ಸಪ್ಪಗಾಗುತ್ತಿತ್ತು.

ಅಪ್ಪನ ಮನೆಯಿಂದ ಹೊರಬಂದಾಗ ಎಲಿಸ್ ಎರಡನೆಯ ಕೇಕಿನ ಡಬ್ಬ ಹಿಡಿದು ಹಿಮದಲ್ಲಿ ನಿಂತಿದ್ದ.

“ನೀನು ಜಾರಿಬಿದ್ರೆ ಕೇಕು ಹಾಳಾಗುತ್ತೆ ಅಂತ ಬಂದೆ. ನಿನಗೋಸ್ಕರ ಏನಲ್ಲ.”

“ಗೊತ್ತು ಬಿಡು. ಕೇಕಿನ ಮೇಲೆ ನಿನಗೆ ತುಂಬಾ ಪ್ರೀತಿ.”

ಸ್ವಲ್ಪ ದೂರ ನಡೆದ ಮೇಲೆ ಅವಳೇ ಹೇಳಿದಳು. “ಮೊದಲನೇ ಫೋಟೋದಲ್ಲಿ ನಾನು ಅಳ್ತಿದೀನಿ. ವಿಮಾನಕ್ಕೆ ಹೆದರಿದ್ಲು ಅಂತಾರೆ. ಇಲ್ಲ ಎಲಿಸ್, ಯಾರನ್ನೋ ಕರೀತಿದ್ದೆ. ಏನಂತ ಕರೀತಿದ್ದೆ ಅನ್ನೋದೇ ಮರೆತುಹೋಗಿದೆ.” ಉಸಿರೆಳೆದುಕೊಂಡಳು. “ಅವರನ್ನ ಹುಡುಕ್ಕೊಂಡು ಕೊಲಂಬಿಯಾಗೆ ಹೋಗ್ತಿದೀನಿ. ಟಿಕೆಟ್ ಆಗಿದೆ. ಇವತ್ತು ಅಮ್ಮನಿಗೆ ಹೇಳಬೇಕು. ಅವಳಿಗೆ ಇರೋದು ನಾನೊಬ್ಬಳೇ, ಕುಸಿದುಹೋಗ್ತಾಳೆ.”

“ವಾಪಸ್ ಬರ್ತೀಯಾ?”

“ಗೊತ್ತಿಲ್ಲ.”

ಎಲಿಸ್ ಡಬ್ಬ ಹಿಡಿದುಕೊಂಡೇ ಅವಳ ಜೊತೆ ಅಮ್ಮನ ಮನೆಯವರೆಗೂ ನಡೆದ.

ಮನೆಯಲ್ಲಿ ಅಮ್ಮ ಗುನಿಲ್ಲಾ ಮೇಣದಬತ್ತಿ ಹಚ್ಚಿ ಕ್ಯಾಮೆರಾ ಎತ್ತಿದಳು. “ಎಲ್ಲಿ, ನಗು ಚಿನ್ನ.”

“ಇವತ್ತು ಆಗಲ್ಲಮ್ಮ.” ತೂವಾ ಹೇಳಿಬಿಟ್ಟಳು. ಟಿಕೆಟ್ಟು, ಹೆತ್ತವಳನ್ನು ಹುಡುಕುವುದು, ಎಲ್ಲ.

ಕ್ಯಾಮೆರಾ ಮೆಲ್ಲಗೆ ಕೆಳಗಿಳಿಯಿತು. “ನಾನೇನು ಕಡಿಮೆ ಮಾಡ್ದೆ?”

“ಏನೂ ಕಡಿಮೆ ಮಾಡ್ಲಿಲ್ಲ. ಅದಕ್ಕೇ ನಿನ್ನ ಮುಂದೆ ಅಳೋಕೆ ಧೈರ್ಯ ಬರ್ಲಿಲ್ಲ.”

ಗುನಿಲ್ಲಾ ಬಾಗಿಲಲ್ಲಿ ನಿಂತಿದ್ದ ಎಲಿಸ್‌ನತ್ತ ತಿರುಗಿದಳು. “ನಿನ್ನ ಮಾತಾದ್ರೂ ಕೇಳ್ತಾಳೆ. ಬೇಡ ಅನ್ನಪ್ಪ.”

“ಅದನ್ನ ಹೇಳೋಕೇ ಬಂದೆ, ಗುನಿಲ್ಲಾ. ಪ್ರೀತಿಸ್ತೀನಿ, ಹೋಗಬೇಡ ಅಂತ.” ಅವನು ತೂವಾಳನ್ನು ನೋಡಿದ. ಆ ನೋಟದಲ್ಲಿ ಕೀಟಲೆ ಇರಲಿಲ್ಲ. “ಈಗ ಮೊದಲನೇದನ್ನ ಮಾತ್ರ ಹೇಳ್ತೀನಿ.”

ತೂವಾ ಕೂತಲ್ಲೇ ಅತ್ತಳು. ಅವಳನ್ನು ಯಾರೂ ಸುಮ್ಮನಾಗಿಸಲಿಲ್ಲ. ಬಹಳ ಹೊತ್ತಿನ ಮೇಲೆ ಗುನಿಲ್ಲಾ ಕುರ್ಚಿ ಎಳೆದುಕೊಂಡು ಮಗಳ ಪಕ್ಕ ಕೂತಳು.

“ಅಲ್ಲಿ ಈಗ ಚಳಿ ಇರುತ್ತಾ?” ಎಂದಳು.